ಕೂಡಿಸಿ ಬರೆಯೋದಾ, ಬಿಡಿಸಿ ಬರೆಯೋದಾ?

ಕೆಲವು ವರ್ಷಗಳ ಹಿಂದೆ ಒಂದು ಸಾಫ್ಟ್‌ವೇರಿನ ಇಂಗ್ಲಿಷ್ ಕೈಪಿಡಿಯನ್ನು ತಿದ್ದಿ ಮುಗಿಸಿ ಕಳಿಸಿದ್ದೆ. ಅದನ್ನು ಜರ್ಮನ್ ಭಾಷೆಗೆ ಅನುವಾದ ಮಾಡುತ್ತಿದ್ದವರು ಒಂದು ಪ್ರಶ್ನೆ ಕೇಳಿದರು. ‘ಇಲ್ಲಿ ಬ್ಯಾಕಪ್ ಅಂತ ಒಂದು ಬಟನ್ ಇದೆ. ಒತ್ತಿದರೆ ಬ್ಯಾಕಪ್ ತೆಗೆಯುವ ಕೆಲಸ ಶುರುವಾಗುತ್ತದೋ? ಅಥವಾ ಮೊದಲೇ ತೆಗೆದಿಟ್ಟ ಬ್ಯಾಕಪ್‌ಗಳ ಪಟ್ಟಿ ಕಾಣಿಸುತ್ತದೋ?’ ಜರ್ಮನ್‌ನಲ್ಲಿ ಆ ಕೆಲಸಕ್ಕೆ ಒಂದು ಪದ, ಆ ವಸ್ತುವಿಗೆ ಇನ್ನೊಂದು ಪದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರ್ ಬಳಿ ಹೋಗಿ ಕೇಳಿದೆ. ಒತ್ತಿದ ಕೂಡಲೇ ಕೆಲಸ ಶುರುವಾಗುತ್ತದೆ ಅಂದರು. ಹಾಗಾದರೆ ಬಟನ್ ಮೇಲೆ ‘ಬ್ಯಾಕ್ ಅಪ್’ ಅಂತ ಎರಡು ಪದ ಇರಬೇಕಿತ್ತು. ನಾನು ಆ ಪುಟವನ್ನು ಮೂರು ಸಲ ಓದಿದ್ದೆ, ಆದರೂ ಕಣ್ಣಿಗೆ ಬಿದ್ದಿರಲಿಲ್ಲ. ಆವತ್ತಿನಿಂದ ಪದಗಳ ನಡುವಿನ ಈ ಸಣ್ಣ ಜಾಗವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ನಮ್ಮ ತಂಡಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಅತಿ ಜಾಸ್ತಿ ಕೇಳುವ ಪ್ರಶ್ನೆಯೂ ಇದೇ. ‘ಮೇಡಂ, ಇದನ್ನ ಸೇರಿಸಿ ಬರೀಬೇಕಾ, ಬಿಡಿಸಿ ಬರೀಬೇಕಾ?’ ಕನ್ನಡ ಮೀಡಿಯಂನಲ್ಲಿ ಓದಿದವರು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಇಬ್ಬರೂ ಕೇಳುತ್ತಾರೆ.

ಇಂಗ್ಲಿಷ್ ಬರೆಯುವಾಗ ನಾವು ಇಲ್ಲಿ ಎಡವುವುದಕ್ಕೆ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಬಿಡಿಸಿ ಬರೆದು ಸಂಧಿ ಹೆಸರಿಸಿ’ ಅನ್ನುವ ಪ್ರಶ್ನೆ ಹೈಸ್ಕೂಲಿನ ಪರೀಕ್ಷೆಯಲ್ಲಿ ಎಲ್ಲರೂ ಬರೆದಿರುತ್ತೇವೆ, ಅಲ್ವಾ? ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿದರೆ ಕಂಬನಿ. ಎರಡು ಪದ ಒಂದಾದ ಗುರುತು ಅಕ್ಷರದಲ್ಲೇ ಉಳಿಯುತ್ತದೆ. ಕಕಾರ ಗಕಾರವಾಗಿದೆ, ಅಂದರೆ ಕೂಡಿಕೊಂಡಿದೆ ಅಂತ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ. ‘ಬ್ಯಾಕ್’ ಹಾಗೇ ಇರುತ್ತದೆ, ‘ಅಪ್’ ಕೂಡ ಹಾಗೇ ಇರುತ್ತದೆ. ಕೂಡಿದೆಯೋ ಇಲ್ಲವೋ ಅಂತ ಬರಹದಲ್ಲಿ ಹೇಳುವುದಕ್ಕೆ ಆ ಭಾಷೆಯ ಹತ್ತಿರ ಇರುವುದು ನಡುವಿನ ಜಾಗ, ಇಲ್ಲವೇ ಒಂದು ಹೈಫನ್, ಅಷ್ಟೇ. ಅದಕ್ಕೇ ಆ ಜಾಗಕ್ಕೆ ಅಷ್ಟು ಬೆಲೆ.

ಆಫೀಸಿನಲ್ಲಿ ದಿನಾ ಕಾಣುವ ತಪ್ಪಿನಿಂದ ಶುರು ಮಾಡುತ್ತೇನೆ. ಲಾಗಿನ್, ಸೆಟಪ್, ಬ್ಯಾಕಪ್, ವರ್ಕೌಟ್. ಇವು ಕೂಡಿಕೊಂಡಾಗ ನಾಮಪದ. ಬಿಡಿಸಿ ‘ಲಾಗ್ ಇನ್’, ‘ಸೆಟ್ ಅಪ್’, ‘ಬ್ಯಾಕ್ ಅಪ್’, ‘ವರ್ಕ್ ಔಟ್’ ಅಂದಾಗ ಕ್ರಿಯಾಪದ. ಅನುಮಾನ ಬಂದರೆ ಆ ಪದವನ್ನು ಭೂತಕಾಲಕ್ಕೆ ತಿರುಗಿಸಿ ನೋಡಿ. ‘ಐ ಲಾಗ್ಡ್ ಇನ್’ ಅನ್ನುತ್ತೇವೆ. ‘ಐ ಲಾಗಿನ್ಡ್’ ಅಂತ ಯಾರೂ ಅನ್ನುವುದಿಲ್ಲ. ಭೂತಕಾಲದ ಬಾಲ ನಡುವೆ ಬಂದು ಕೂರುತ್ತದೆ ಅಂದಮೇಲೆ ಅಲ್ಲಿ ಎರಡು ಪದ ಇದ್ದೇ ಇವೆ. ‘ಸೆಟ್’ಗೆ ಭೂತಕಾಲದಲ್ಲೂ ರೂಪ ಬದಲಾಗುವುದಿಲ್ಲ, ಹಾಗಾಗಿ ಅಲ್ಲಿ ಇನ್ನೊಂದು ಪರೀಕ್ಷೆ ಬೇಕು. ನಡುವೆ ‘ಇಟ್’ ಹಾಕಿ ನೋಡಿ. ‘ಸೆಟ್ ಇಟ್ ಅಪ್’ ಸರಾಗವಾಗಿ ಬರುತ್ತದೆ, ಹಾಗಾಗಿ ಬಿಡಿಸಿ ಬರೆಯಬೇಕು. ಮುಂದೆ ‘ಮೈ’ ಹಾಕಿದಾಗ ಸರಿ ಅನ್ನಿಸಿದರೆ, ‘ಮೈ ಲಾಗಿನ್’ ಅನ್ನುವ ಹಾಗೆ, ಅದು ನಾಮಪದ, ಕೂಡಿಸಿ ಬರೆಯಿರಿ. ಜೊತೆಗೆ ‘ಟು’ ಬಂದರೆ ‘ಲಾಗ್ ಇನ್ ಟು’ ಅಂತ ಮೂರು ಪದ. ಆ ‘ಇನ್’ ಲಾಗ್‌ಗೆ ಸೇರಿದ್ದು. ಅದನ್ನು ‘ಟು’ ಜೊತೆ ಅಂಟಿಸಿ ‘ಇಂಟು’ ಮಾಡಬಾರದು.

ಇನ್ನೊಂದು ಗುಂಪಿನ ಪದಗಳಿಗೆ ನಾನು ಹೇಳಿಕೊಡುವ ಉಪಾಯ ಕನ್ನಡದ್ದೇ. ಆ ಜಾಗದಲ್ಲಿ ಕನ್ನಡ ಇಟ್ಟು ನೋಡಿ. ಕನ್ನಡದಲ್ಲಿ ‘ಬಹುಶಃ’ ಬಂದರೆ ‘ಮೇಬಿ’ ಒಂದೇ ಪದ. ‘ಇರಬಹುದು’ ಬಂದರೆ ‘ಮೇ ಬಿ’ ಎರಡು ಪದ. ‘ಆಗಲೇ’ ಅಂತ ಅರ್ಥವಾದರೆ ‘ಆಲ್ರೆಡಿ’, ‘ಎಲ್ಲಾ ತಯಾರು’ ಅಂತಾದರೆ ‘ಆಲ್ ರೆಡಿ’. ‘ಒಟ್ಟಾರೆ’ ಅಥವಾ ‘ಪೂರ್ತಿ’ ಅಂದರೆ ‘ಆಲ್ಟುಗೆದರ್’, ‘ಎಲ್ಲರೂ ಒಟ್ಟಿಗೆ’ ಅಂದರೆ ‘ಆಲ್ ಟುಗೆದರ್’. ‘ಯಾವಾಗಲಾದರೂ ಒಮ್ಮೆ’ ಅಂದರೆ ‘ಸಮ್‌ಟೈಮ್’ ಒಂದು ಪದ, ‘ಸ್ವಲ್ಪ ಹೊತ್ತು’ ಅಂದರೆ ‘ಸಮ್ ಟೈಮ್’ ಎರಡು.

‘ಎವ್ರಿಡೇ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜಾಹೀರಾತು, ಅಂಗಡಿ ಬೋರ್ಡು, ಕಂಪನಿಯ ಪ್ರೆಸೆಂಟೇಶನ್, ಎಲ್ಲಾ ಕಡೆ ಈ ತಪ್ಪು ಕಾಣುತ್ತದೆ. ‘ದಿನಬಳಕೆಯ’, ‘ಮಾಮೂಲಿ’ ಅನ್ನುವ ಅರ್ಥ ಬಂದು, ಮುಂದೆ ಒಂದು ನಾಮಪದ ಇದ್ದರೆ ಕೂಡಿಸಿ ಬರೆಯಬೇಕು. ‘ಎವ್ರಿಡೇ ಕ್ಲೋದ್ಸ್’ ಅಂದರೆ ಮಾಮೂಲಿ ಬಟ್ಟೆ. ‘ದಿನಾ’, ‘ಪ್ರತಿದಿನ’ ಅನ್ನುವ ಅರ್ಥ ಬಂದರೆ ‘ಎವ್ರಿ ಡೇ’ ಅಂತ ಬಿಡಿಸಬೇಕು. ‘ಅಂಗಡಿ ದಿನಾ ತೆರೆದಿರುತ್ತದೆ’ ಅನ್ನುವ ಬೋರ್ಡಿನಲ್ಲಿ ಬೇಕಾದದ್ದು ಎರಡು ಪದ. ನಡುವೆ ‘ಸಿಂಗಲ್’ ತೂರಿಸಿ ನೋಡಿದರೂ ಗೊತ್ತಾಗುತ್ತದೆ. ‘ಎವ್ರಿ ಸಿಂಗಲ್ ಡೇ’ ಅನ್ನಬಹುದಾದ ಕಡೆ ಜಾಗ ಇರಲೇಬೇಕು. ಸ್ಪೆಲ್ ಚೆಕ್ ಇದನ್ನೆಲ್ಲಾ ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ. ಎರಡೂ ಸರಿಯಾದ ಪದಗಳೇ ಆದ್ದರಿಂದ ಎಷ್ಟೋ ಸಲ ಕೆಂಪು ಗೆರೆ ಬೀಳುವುದೇ ಇಲ್ಲ.

ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳ ಪತ್ರಗಳಲ್ಲಿ ನನ್ನ ಮನಸ್ಸಿಗೆ ನೋವಾಗುವ ತಪ್ಪು ಒಂದಿದೆ. ‘ನಾನು ಆ ತಂಡದ ಭಾಗವಾಗಿದ್ದೆ’ ಅಂತ ಹೇಳಲು ಹೊರಟು ‘ಅಪಾರ್ಟ್’ ಅಂತ ಕೂಡಿಸಿ ಬರೆದುಬಿಡುತ್ತಾರೆ. ‘ಅ ಪಾರ್ಟ್’ ಅಂದರೆ ಒಂದು ಭಾಗ. ‘ಅಪಾರ್ಟ್’ ಅಂದರೆ ಬೇರೆಯಾಗಿ, ದೂರವಾಗಿ. ತಂಡದ ಒಳಗಿದ್ದೆ ಅನ್ನಲು ಹೋಗಿ ತಂಡದಿಂದ ಹೊರಗಿದ್ದೆ ಅಂದ ಹಾಗಾಗುತ್ತದೆ. ಚೆನ್ನಾಗಿ ಕೆಲಸ ಮಾಡಿರುವ ಮಕ್ಕಳು ಇಂಥ ಒಂದು ಜಾಗಕ್ಕಾಗಿ ಹಿಂದೆ ಬೀಳಬಾರದು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಅರ್ಥವೇ ದಾರಿ ತೋರಿಸುತ್ತದೆ. ಇನ್ನು ಮುಂದಿನದು ಅಷ್ಟು ಸುಲಭವಲ್ಲ. ‘ಗ್ರೀನ್‌ಹೌಸ್’ ಅಂದರೆ ಹೂವು, ಕ್ಯಾಪ್ಸಿಕಂ ಬೆಳೆಯುವ ಮನೆ. ‘ಗ್ರೀನ್ ಹೌಸ್’ ಅಂದರೆ ಹಸಿರು ಬಣ್ಣ ಬಳಿದ ಮನೆ. ಮೊದಲನೆಯದರಲ್ಲಿ ದನಿಯ ಒತ್ತು ‘ಗ್ರೀನ್’ ಮೇಲೆ, ಎರಡನೆಯದರಲ್ಲಿ ‘ಹೌಸ್’ ಮೇಲೆ. ಬ್ಲ್ಯಾಕ್‌ಬೋರ್ಡ್ ಕೂಡ ಹಾಗೇ. ನಮ್ಮ ಎಷ್ಟೋ ಶಾಲೆಗಳಲ್ಲಿ ಅದು ಹಸಿರು ಬಣ್ಣದ್ದು, ಆದರೂ ಹೆಸರು ಬ್ಲ್ಯಾಕ್‌ಬೋರ್ಡೇ. ಹಾಗಂತ ಒತ್ತನ್ನೇ ನಿಯಮ ಮಾಡಿಕೊಂಡರೆ ಮೋಸ ಹೋಗುತ್ತೀರಿ. ‘ಹೈ ಸ್ಕೂಲ್’, ‘ಪೋಸ್ಟ್ ಆಫೀಸ್’ ಎರಡರಲ್ಲೂ ಒತ್ತು ಮೊದಲ ಪದದ ಮೇಲೇ ಇದೆ, ಆದರೆ ಬರೆಯುವುದು ಬಿಡಿಸಿ. ಕನ್ನಡದಲ್ಲಿ ನಾವು ಹೈಸ್ಕೂಲು ಅಂತ ಒಂದೇ ಉಸಿರಿಗೆ ಬರೆಯುತ್ತೇವೆ. ಅದೇ ಅಭ್ಯಾಸ ಇಂಗ್ಲಿಷ್ ಬರೆಯುವಾಗಲೂ ಕೈಗೆ ಬರುತ್ತದೆ.

ಪೋಸ್ಟ್‌ಮ್ಯಾನ್, ಪೋಸ್ಟ್‌ಕಾರ್ಡ್ ಒಂದು ಪದ, ಪೋಸ್ಟ್ ಆಫೀಸ್ ಎರಡು. ಬೆಡ್‌ರೂಮ್, ಕ್ಲಾಸ್‌ರೂಮ್ ಒಂದು, ವೇಟಿಂಗ್ ರೂಮ್ ಎರಡು. ಟೂತ್‌ಪೇಸ್ಟ್, ಟೂತ್‌ಬ್ರಷ್ ಒಂದು, ಟೂತ್ ಪೌಡರ್ ಎರಡು. ಎರಡೂ ಭಾಗ ಚಿಕ್ಕದಾಗಿದ್ದು, ಬಳಕೆ ಹಳೆಯದಾಗಿದ್ದರೆ ಪದಗಳು ಕೂಡಿಕೊಳ್ಳುವುದು ಜಾಸ್ತಿ. ಅದು ಒಲವು ಮಾತ್ರ, ನಿಯಮವಲ್ಲ. ಇಂಥ ಕಡೆ ತರ್ಕ ಹುಡುಕುತ್ತಾ ಅರ್ಧ ಗಂಟೆ ಕಳೆಯುವವರನ್ನು ಕಂಡಿದ್ದೇನೆ. ಸುಮ್ನೆ ನಿಘಂಟು ತೆರೆಯಿರಿ, ಅರ್ಧ ನಿಮಿಷದ ಕೆಲಸ.

ನಿಘಂಟೂ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಇವತ್ತು ಒಂದೇ ಪದವಾಗಿರುವ ‘ಟುಡೇ’, ‘ಟುಮಾರೋ’ಗಳನ್ನು ಇಪ್ಪತ್ತನೆಯ ಶತಮಾನದ ಶುರುವಿನವರೆಗೂ ನಡುವೆ ಹೈಫನ್ ಹಾಕಿ ಬರೆಯುತ್ತಿದ್ದರು. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಬಂದಾಗ ಸುಮಾರು 16,000 ಹೈಫನ್‌ಗಳನ್ನು ತೆಗೆದುಹಾಕಿದರು. ಐಸ್ ಕ್ರೀಮ್, ಟೆಸ್ಟ್ ಟ್ಯೂಬ್ ಎರಡೆರಡು ಪದಗಳಾದವು. ಬಂಬಲ್‌ಬೀ, ಚಿಕ್‌ಪೀ ಒಂದೊಂದು ಪದವಾದವು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಬರವಣಿಗೆ ಕೈಪಿಡಿ ‘ವೆಬ್ ಸೈಟ್’ ಅನ್ನು 2010ರಲ್ಲಿ ಕೂಡಿಸಿತು, ‘ಈಮೇಲ್’ನ ಹೈಫನ್ ಅನ್ನು 2011ರಲ್ಲಿ ತೆಗೆಯಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಹೈಫನ್ ಹಾಕದಿದ್ದರೆ ತಪ್ಪು, ಈಗ ಹಾಕಿದರೆ ಹಳೆಯ ಕಾಲದ್ದು ಅನ್ನಿಸುತ್ತದೆ. ಸಮುದ್ರದ ಆ ಕಡೆ ಈ ಕಡೆಯೂ ವ್ಯತ್ಯಾಸ ಇದೆ. ‘ಪರ್ಸೆಂಟ್’ ಅಮೆರಿಕದಲ್ಲಿ ಒಂದು ಪದ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ‘ಪರ್ ಸೆಂಟ್’, ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲೂ ಬಹಳ ಮಟ್ಟಿಗೆ ಹಾಗೇ.

ಯಾವ ದೇಶ, ಯಾವ ನಿಘಂಟು ಅನ್ನುವ ಪ್ರಶ್ನೆಯೇ ಬಾರದ ಪದಗಳೂ ಇವೆ. ‘ಇನ್ ಸ್ಪೈಟ್ ಆಫ್’ ಯಾವಾಗಲೂ ಮೂರು ಪದ. ಅದೇ ಅರ್ಥದ ‘ಡಿಸ್ಪೈಟ್’ ಒಂದೇ ಪದವಾಗಿರುವುದರಿಂದ ಕೈ ತಪ್ಪುತ್ತದೆ. ‘ಅ ಲಾಟ್’, ‘ಈಚ್ ಅದರ್’, ‘ಆಸ್ ವೆಲ್’, ‘ಇನ್ ಫ್ರಂಟ್’ ಎರಡೆರಡು ಪದ. ‘ಕ್ಯಾನಾಟ್’ ಸಾಮಾನ್ಯವಾಗಿ ಒಂದು. ‘ನೋಬಡಿ’, ‘ಎವ್ರಿಒನ್’ ಒಂದು, ‘ನೋ ಒನ್’ ಮಾತ್ರ ಎರಡು. ಅದನ್ನು ಕೂಡಿಸಿ ಬರೆದರೆ ಕಣ್ಣು ‘ನೂನ್’ ಅಂತ ಓದಿಕೊಳ್ಳುತ್ತದೆ. ಇಷ್ಟನ್ನು ಕಂಠಪಾಠ ಮಾಡಿಬಿಡಿ.

ಉಳಿದದ್ದಕ್ಕೆ ನಾನು ಪ್ರತಿ ಕೆಲಸಕ್ಕೂ ಒಂದು ಪಟ್ಟಿ ಇಡುತ್ತೇನೆ. ಮೇಲ್ಗಡೆ ಯಾವ ನಿಘಂಟು ಅಂತ ಬರೆದಿರುತ್ತದೆ. ಕೆಳಗೆ ಆ ಕೆಲಸದಲ್ಲಿ ಎದುರಾದ ಪದಗಳು, ಅಕಾರಾದಿಯಾಗಿ. ಅದರ ಪಕ್ಕ ಬೇಕಿದ್ದರೆ ಒಂದು ಸಾಲಿನ ಕಾರಣ. ನಾಲ್ಕು ಜನ ಒಂದೇ ಕೈಪಿಡಿ ಬರೆಯುವಾಗ ಆ ಪಟ್ಟಿ ಇಲ್ಲದಿದ್ದರೆ ಒಂದೇ ಪದ ನಾಲ್ಕು ವೇಷದಲ್ಲಿ ಬರುತ್ತದೆ. ಓದುವವರು ಇವು ಬೇರೆ ಬೇರೆಯೇನೋ ಅಂದುಕೊಳ್ಳುತ್ತಾರೆ.

ಈಚೆಗೆ ಆಸ್ಪತ್ರೆಗಳಿಗೆ ಸಂಬಂಧಿಸಿದ ಎರಡು ಕೆಲಸ ಒಟ್ಟಿಗೆ ಬಂದಿವೆ, ಒಂದು ಅಮೆರಿಕದ್ದು, ಇನ್ನೊಂದು ಇಂಗ್ಲೆಂಡಿನದು. ‘ಹೆಲ್ತ್ ಕೇರ್’ ಅನ್ನು ಮೆರಿಯಮ್-ವೆಬ್‌ಸ್ಟರ್ ನಿಘಂಟು ಮೊದಲು ಬಿಡಿಸಿ ಕೊಡುತ್ತದೆ, ಆಕ್ಸ್‌ಫರ್ಡ್ ಕೂಡಿಸಿ ಕೊಡುತ್ತದೆ. ಎರಡು ಪಟ್ಟಿಯಲ್ಲೂ ಆಯಾ ರೂಪ ಬರೆದಿಟ್ಟಿದ್ದೇನೆ. ಮೊನ್ನೆ ಹೊಸ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ‘ಮೇಡಂ, ಹೆಲ್ತ್‌ಕೇರ್ ಒಂದಾ, ಎರಡಾ? ಯಾವುದು ಸರಿ?’

‘ಯಾವ ಫೈಲ್ ತೆರೆದಿದ್ದೀಯಮ್ಮ?’ ಅಂತ ಕೇಳಿದೆ.