ಅಪ್ಪ ನುಂಗುವ ಮಾತ್ರೆ ಅಪ್ಪನ ವಯಸ್ಸಿನವರ ಮೇಲೆ ಪರೀಕ್ಷೆ ಆಗಿದೆಯಾ?

ಪ್ರಶ್ನೆ: ಅಪ್ಪನಿಗೆ 82 ವರ್ಷ. ದಿನಕ್ಕೆ ಏಳು ಮಾತ್ರೆ. ಇಷ್ಟು ವಯಸ್ಸಾದವರ ಮೇಲೆ ಇವನ್ನೆಲ್ಲ ಪರೀಕ್ಷೆ ಮಾಡಿರುತ್ತಾರಾ? ಇಲ್ಲದಿದ್ದರೆ ಯಾಕೆ ಮಾಡಲ್ಲ?

ಕೆಲವನ್ನು ಮಾಡಿದ್ದಾರೆ, ಅದೂ ತಡವಾಗಿ. 80 ದಾಟಿದವರಿಗೆ ಬಿಪಿ ಇಳಿಸಿದರೆ ಒಳ್ಳೆಯದಾ ಅನ್ನುವ ಅನುಮಾನ 2008ರವರೆಗೂ ಇತ್ತು. ಆ ವರ್ಷ ಹೈವೆಟ್ ಎಂಬ ಟ್ರಯಲ್‌ನ (ಜನರ ಮೇಲೆ ನಡೆಸುವ ಔಷಧಿ ಪರೀಕ್ಷೆಯ) ಫಲಿತಾಂಶ ಬಂತು. 80 ದಾಟಿದ 3,845 ಜನ ಅದರಲ್ಲಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಸುಮಾರು ಐದನೇ ಒಂದರಷ್ಟು ಕಡಿಮೆಯಾಗಿತ್ತು.

ತಡ ಯಾಕೆ ಅಂದರೆ, ಟ್ರಯಲ್‌ಗೆ ಸೇರುವುದೇ ಒಂದು ಪರೀಕ್ಷೆ. ಕಿಡ್ನಿ ಸ್ವಲ್ಪ ಸೋತಿದ್ದರೆ ಬೇಡ, ಮರೆವಿದ್ದರೆ ಬೇಡ ಎನ್ನುವ ನಿಯಮಗಳು. ಅದೆಲ್ಲ ದಾಟಿದರೆ ಸಣ್ಣ ಅಕ್ಷರದ ಪುಟಗಟ್ಟಲೆ ಒಪ್ಪಿಗೆ ಪತ್ರ. ಆಮೇಲೆ ವಾಕರ್ ಹಿಡಿದು, ಖಾಲಿ ಹೊಟ್ಟೆಯಲ್ಲಿ, ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಬರಲು ಮಗಳು ರಜೆ ಹಾಕಬೇಕು. ಎರಡು ಸಲ ಬಂದು ಆಮೇಲೆ ನಿಲ್ಲಿಸಿದರೆ ಅದು ಅವರ ತಪ್ಪಲ್ಲ.

ಈ ಓಡಾಟವನ್ನೇ ತೆಗೆದುಬಿಟ್ಟರೆ? ಬ್ರಿಟನ್ನಿನ 'ಟೈಮ್' ಟ್ರಯಲ್ ಅದನ್ನೇ ಮಾಡಿತು. ಬಿಪಿ ಮಾತ್ರೆ ಬೆಳಿಗ್ಗೆ ನುಂಗಬೇಕಾ, ಸಂಜೆಯಾ ಎನ್ನುವುದಷ್ಟೇ ಪ್ರಶ್ನೆ. 21,104 ಜನ ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೇರಿದರು. ಹೊಸ ಔಷಧಿ ಇಲ್ಲ, ತಮ್ಮ ಮಾಮೂಲಿ ಮಾತ್ರೆಯೇ. ಲಾಟರಿಯಂತೆ ಅರ್ಧ ಜನಕ್ಕೆ ಬೆಳಿಗ್ಗೆ ಬಿತ್ತು, ಅರ್ಧ ಜನಕ್ಕೆ ಸಂಜೆ. ಯಾರಿಗೆ ಹಾರ್ಟ್ ಅಟ್ಯಾಕ್ ಆಯಿತು, ಯಾರು ತೀರಿಕೊಂಡರು ಅನ್ನುವುದು ಹೇಗೂ ಸರ್ಕಾರಿ ದಾಖಲೆಗಳಲ್ಲಿ ಸೇರುತ್ತಿತ್ತು. ಅಲ್ಲಿಂದಲೂ ಮಾಹಿತಿ ತೆಗೆದುಕೊಂಡರು. 2022ರಲ್ಲಿ ಉತ್ತರ ಬಂತು: ವ್ಯತ್ಯಾಸವಿಲ್ಲ.

ಡೆನ್ಮಾರ್ಕ್ ಇನ್ನೂ ಮುಂದೆ ಹೋಯಿತು. 65 ದಾಟಿದವರಿಗೆ ಸರ್ಕಾರದ ಡಿಜಿಟಲ್ ಅಂಚೆಯಲ್ಲೇ ಕರೆ ಕಳಿಸಿ, ಫ್ಲೂ ಲಸಿಕೆಯ ಟ್ರಯಲ್‌ಗೆ 3.32 ಲಕ್ಷ ಜನರನ್ನು ಸೇರಿಸಿಕೊಂಡಿತು. ಹಳೇ ಪದ್ಧತಿಯಲ್ಲಿ ಇದನ್ನು ಊಹಿಸುವುದೂ ಕಷ್ಟ.

ಆದರೆ ದಾಖಲೆಗೆ ಎಲ್ಲವೂ ಕಾಣುವುದಿಲ್ಲ. ಆಸ್ಪತ್ರೆಗೆ ಸೇರಿದ್ದು ಕಾಣುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಬೇರೆಯವರು ಬೇಕಾಯಿತು ಅನ್ನುವುದು ಕಾಣುವುದಿಲ್ಲ. ವಯಸ್ಸಾದವರಿಗೆ ಮುಖ್ಯವಾದದ್ದೇ ಅದು, ಅಲ್ವಾ? ಆಸ್ಪ್ರೀ ಟ್ರಯಲ್ 19,114 ಹಿರಿಯರಲ್ಲಿ ಇದನ್ನೇ ಕೇಳಿತು: ದಿನಾ ಆಸ್ಪಿರಿನ್ ನುಂಗಿದರೆ ಮರೆವಿನ ಕಾಯಿಲೆ, ಅಂಗವೈಕಲ್ಯ ಇಲ್ಲದೆ ಬದುಕುವ ಕಾಲ ಹೆಚ್ಚುತ್ತದಾ? ಹೆಚ್ಚಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. ಇದನ್ನು ತಿಳಿಯಲು ಜನರನ್ನು ಎದುರಿಗೆ ಕೂರಿಸಿ ನೆನಪು, ನಡಿಗೆ ಪರೀಕ್ಷಿಸಲೇಬೇಕಿತ್ತು. ಸುಮ್ನೆ ಕಂಪ್ಯೂಟರ್ ಮುಂದೆ ಕೂತರೆ ಆಗುವ ಕೆಲಸವಲ್ಲ.

ಇನ್ನೊಂದು ತೊಡಕಿದೆ. 'ಟೈಮ್' ಸೇರಲು ಇ-ಮೇಲ್ ಬೇಕಿತ್ತು. ಸೇರಿದವರ ಸರಾಸರಿ ವಯಸ್ಸು 65ರ ಆಸುಪಾಸು. ನಿಮ್ಮ ಅಪ್ಪನಂಥವರು ಒಳಗೆ ಬರಬೇಕಾದರೆ ನರ್ಸ್ ಒಬ್ಬರು ಫೋನ್ ಮಾಡಿ, ಗಟ್ಟಿಯಾಗಿ, ನಿಧಾನವಾಗಿ ಕೇಳಿ ಫಾರಂ ತುಂಬಿಕೊಳ್ಳಬೇಕು. ಟ್ರಯಲ್‌ನ ಉಳಿದ ಖರ್ಚು ಎಷ್ಟೇ ಕಡಿಮೆ ಮಾಡಿದರೂ ಆ ನರ್ಸ್‌ನ ಸಂಬಳ ಇಟ್ಟುಕೊಂಡೇ ಲೆಕ್ಕ ಹಾಕಬೇಕು.