ಸವೆದ ಕಲ್ಲಿಗೆ ಓರೆ ಬೆಳಕು

ಸವೆದ ಕೆತ್ತನೆಯನ್ನು ನೋಡುವಾಗ ಎದುರಿನಿಂದ ಟಾರ್ಚ್ ಬಿಡಬೇಡಿ. ಕಲ್ಲು ಸಪಾಟಾಗಿ ಕಾಣುತ್ತದೆ, ಅಷ್ಟೆ. ಪಕ್ಕಕ್ಕೆ ಸರಿದು, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಅಳಿಸಿಹೋಗಿದೆ ಅಂದುಕೊಂಡ ಕೈ, ಕಾಲು, ಬಟ್ಟೆಯ ನೆರಿಗೆ ನೆರಳಿನಲ್ಲಿ ಎದ್ದು ಬರುತ್ತವೆ. ಕಲ್ಲಿನ ಸಂರಕ್ಷಣೆಯ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಇದು.

ಹೀಗೆ ನೋಡಬೇಕಾದ ಕಲ್ಲೊಂದು ಸ್ಲೊವೇನಿಯಾದ ಪ್ತುಯ್‌ನಲ್ಲಿದೆ. ಡ್ರಾವಾ ನದಿಯ ದಂಡೆಯ ಚಿಕ್ಕ ಊರು. ರೋಮನ್ನರು ಇದನ್ನು ಪೊಯೆಟೊವಿಯೊ ಎನ್ನುತ್ತಿದ್ದರು. ಕ್ರಿ.ಶ. 69ರಲ್ಲಿ ವೆಸ್ಪಾಸಿಯನ್‌ನನ್ನು ಚಕ್ರವರ್ತಿ ಮಾಡಲು ಹೊರಟ ಸೇನಾಪತಿಗಳು ಸಭೆ ಸೇರಿದ್ದು ಇಲ್ಲೇ. ಈಗ ಊರಿನ ಚೌಕದಲ್ಲಿ, ಗೋಪುರದ ಮುಂದೆ, ಸುಮಾರು 5 ಮೀಟರ್ ಎತ್ತರದ ಅಮೃತಶಿಲೆಯೊಂದು ನಿಂತಿದೆ. ಎರಡನೇ ಶತಮಾನದ್ದು, ಪೊಹೊರ್ಯೆ ಬೆಟ್ಟದ ಕಲ್ಲು. ಊರಿನ ಆಡಳಿತ ನಡೆಸಿದ್ದ ಮಾರ್ಕಸ್ ವಲೇರಿಯಸ್ ವೇರಸ್ ಎಂಬುವನ ಸಮಾಧಿ ಕಲ್ಲು ಇದು.

ಜನ ಮಾತ್ರ ಇದನ್ನು ಆರ್ಫಿಯಸ್ ಕಲ್ಲು ಅಂತಲೇ ಕರೆಯುತ್ತಾರೆ. ಗ್ರೀಕರ ಕತೆಯ ಆರ್ಫಿಯಸ್ ತಂತಿವಾದ್ಯ ನುಡಿಸಿದರೆ ಕಾಡುಪ್ರಾಣಿಗಳೂ ಬಂದು ಕೂರುತ್ತಿದ್ದವಂತೆ. ಕಲ್ಲಿನ ನಡುವೆ ಇರುವುದು ಅದೇ ದೃಶ್ಯ. ಸತ್ತ ಹೆಂಡತಿಯನ್ನು ಕರೆತರಲು ಅವನು ಪಾತಾಳಕ್ಕೂ ಹೋದ. ನಮ್ಮ ಸಾವಿತ್ರಿ ಗೆದ್ದು ಬಂದಳು. ಇವನು ಹಿಂತಿರುಗಿ ನೋಡಬಾರದು ಎಂಬ ಷರತ್ತು ಮರೆತು, ದಾರಿಯಲ್ಲಿ ಹಿಂತಿರುಗಿ ನೋಡಿ ಸೋತ. ಸಮಾಧಿಗೆ ಇದಕ್ಕಿಂತ ಒಪ್ಪುವ ಕತೆ ಬೇಕಾ?

ಮಧ್ಯಯುಗದವರಿಗೆ ಈ ಕತೆ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಗಟ್ಟಿ ಕಂಬ. ಕಲ್ಲಿನ ಕೆಳಭಾಗಕ್ಕೆ ಕಬ್ಬಿಣದ ಬಳೆ ಹಾಕಿ, ತಪ್ಪು ಮಾಡಿದವರನ್ನು ಕಟ್ಟಿ ನಾಲ್ಕು ಜನರೆದುರು ಮಾನ ಕಳೆಯುತ್ತಿದ್ದರು. ಕೇಳಲು ಕಷ್ಟವಾಗುತ್ತದೆ ನಿಜ. ಆದರೆ ಕಲ್ಲು ಉಳಿದದ್ದು ಈ ಕೆಲಸದಿಂದಲೇ ಅನ್ನುವುದು ನನ್ನ ಅಂದಾಜು. ಯಾವ ಉಪಯೋಗಕ್ಕೂ ಬಾರದ ಅಮೃತಶಿಲೆಯನ್ನು ಹಿಂದೆ ಒಡೆದು ಸುಟ್ಟು ಸುಣ್ಣ ಮಾಡುತ್ತಿದ್ದರು.

ಇನ್ನು ಸವೆತದ ವಿಚಾರ. "ಮಳೆಗೆ ಸವೆದಿದೆ" ಅಂತ ಒಂದೇ ಮಾತಲ್ಲಿ ಮುಗಿಸುವವರೇ ಜಾಸ್ತಿ. ಆದರೆ ಒಂದೊಂದು ಪೆಟ್ಟಿಗೂ ಒಂದೊಂದು ಗುರುತಿದೆ. ಅಮೃತಶಿಲೆ ಅಂದರೆ ಕ್ಯಾಲ್ಸೈಟ್ ಹರಳುಗಳು ಒತ್ತೊತ್ತಾಗಿ ಕೂಡಿಕೊಂಡ ಕಲ್ಲು. ಬಿಸಿಲು ಬಿದ್ದಾಗ ಪ್ರತಿ ಹರಳು ಒಂದು ದಿಕ್ಕಿಗೆ ಹಿಗ್ಗುತ್ತದೆ, ಅಡ್ಡ ದಿಕ್ಕಿಗೆ ಚೂರು ಕುಗ್ಗುತ್ತದೆ. ಅಕ್ಕಪಕ್ಕದ ಹರಳುಗಳ ದಿಕ್ಕು ಬೇರೆ ಬೇರೆ. ನೂರಾರು ವರ್ಷ ಹೀಗೆ ಎಳೆದಾಡಿದರೆ ಹಿಡಿತ ಸಡಿಲವಾಗಿ, ಕಲ್ಲಿನ ಮೈ ಸಕ್ಕರೆಯ ಹಾಗೆ ಉದುರುತ್ತದೆ. ಮಳೆನೀರಿನಲ್ಲಿ ಸ್ವಲ್ಪ ಆಮ್ಲ ಇದ್ದೇ ಇರುತ್ತದೆ. ಅದು ಉಬ್ಬಿದ ಜಾಗಗಳನ್ನು, ಅಂದರೆ ಮೂಗು, ಗಲ್ಲಗಳನ್ನು ಮೊದಲು ಕರಗಿಸುತ್ತದೆ. ನೀರು ತಾಗದ ಮೂಲೆಗಳ ಕತೆ ಬೇರೆ. ಅಲ್ಲಿ ಹೊಗೆಯ ಗಂಧಕ ಕಲ್ಲಿನ ಜೊತೆ ಸೇರಿ ಜಿಪ್ಸಮ್ ಆಗುತ್ತದೆ, ಮಸಿ ಹಿಡಿದು ಕಪ್ಪು ಪೊರೆ ಕಟ್ಟುತ್ತದೆ. ಕಲ್ಲಿನೊಳಗೆ ಕಬ್ಬಿಣ ಹೊಡೆದಿದ್ದರೆ ತುಕ್ಕು ಉಬ್ಬಿ ಒಳಗಿನಿಂದಲೇ ಸೀಳುತ್ತದೆ. ಮನುಷ್ಯರ ಮೈ, ಕೈ, ಹಗ್ಗ ಉಜ್ಜಿದ ಜಾಗ ಮಾತ್ರ ನುಣುಪಾಗಿರುತ್ತದೆ, ಅದೂ ಆಳೆತ್ತರದೊಳಗೆ. ಇದನ್ನು ಮಳೆಯ ಲೆಕ್ಕಕ್ಕೆ ಹಾಕಿದರೆ ಕಲ್ಲಿನ ಅರ್ಧ ಚರಿತ್ರೆಯೇ ಹೋಯಿತು.

"ಆಸಿಡ್ ಹಾಕಿ ತೊಳೆದರೆ ಬೆಳ್ಳಗಾಗಲ್ವಾ ಸಾರ್?" ಅಂತ ಕೇಳುವವರು ಎಲ್ಲ ಕಡೆ ಸಿಗುತ್ತಾರೆ. ಆಗುತ್ತದೆ, ಕೆತ್ತನೆಯ ಒಂದು ಪದರವೂ ಜೊತೆಗೆ ಹೋಗುತ್ತದೆ. ನಮ್ಮ ಕಡೆ ಒಂದು ವೀರಗಲ್ಲಿಗೆ ಪ್ರೀತಿಯಿಂದಲೇ ಆಯಿಲ್ ಪೇಂಟ್ ಬಳಿದಿದ್ದನ್ನು ನೋಡಿದ್ದೇನೆ. ನೆಲದಿಂದ ಏರಿದ ತೇವ ಹೊರಬರಲು ದಾರಿಯಿಲ್ಲದೆ, ಪೇಂಟಿನ ಜೊತೆ ವೀರನ ಮುಖವೂ ಚಕ್ಕೆಯಾಗಿ ಎದ್ದಿತ್ತು.

ಪ್ತುಯ್‌ನಲ್ಲಿ 1830ರ ಸುಮಾರಿಗೆ ಸಿಮೊನ್ ಪೊವೊಡೆನ್ ಎಂಬ ಪಾದ್ರಿ ಇದಕ್ಕಿಂತ ಜಾಣ ಕೆಲಸ ಮಾಡಿದ. ಅಲ್ಲಲ್ಲಿ ಬಿದ್ದಿದ್ದ ರೋಮನ್ ಕಲ್ಲುಗಳನ್ನು ಕೂಡಿಸಿ ಅದೇ ಗೋಪುರದ ಗೋಡೆಗೆ ಸೇರಿಸಿದ. ಆರ್ಫಿಯಸ್ ನೋಡಲು ಹೋದವರು ಎರಡು ಹೆಜ್ಜೆ ನಡೆದು ಅವನ್ನೂ ನೋಡಬಹುದು. ಸಂಜೆಯ ಹೊತ್ತು ಹೋಗಿ, ಟಾರ್ಚ್ ಇರಲಿ. ಮುಟ್ಟುವ ಆಸೆಯಾಗುತ್ತದೆ, ಬೇಡ. ಬೆರಳಿಗೆ ಅಂಟುವ ಆ ಬಿಳಿ ಪುಡಿ ಧೂಳಲ್ಲ.