ಪದ ಪರಿಚಯ: ಜಪ್ತಿ

"ಗಾಡಿ ಜಪ್ತಿ ಮಾಡಿದರು" ಎಂದು ಯಾರಾದರೂ ಬಂದು ಹೇಳಿದರೆ ನಾನು ಮೊದಲು ಕೇಳುವುದು, "ಕೈಗೆ ಯಾವ ಕಾಗದ ಕೊಟ್ಟರು?" ಎಂದು. ಬಹಳ ಸಲ ಬರುವ ಉತ್ತರ: "ಕಾಗದ ಎಲ್ಲಿಯದು? ಕೀಲಿ ಕಿತ್ತುಕೊಂಡರು, ಗಾಡಿಯನ್ನು ಠಾಣೆಗೆ ಒಯ್ದರು." ಹಾಗಾಗಿದ್ದರೆ ಅದಕ್ಕೆ ಜಪ್ತಿ ಎಂಬ ಹೆಸರೇ ಸಲ್ಲುವುದಿಲ್ಲ. ಯಾವ ಕಾಯ್ದೆಯ ಯಾವ ಕಲಂ ಕೆಳಗೆ, ಯಾವ ಹೊತ್ತಿನಲ್ಲಿ, ಯಾರ ಎದುರಿಗೆ, ಏನನ್ನು ವಶಕ್ಕೆ ತೆಗೆದುಕೊಂಡರು ಎಂದು ಬರೆದಾಗಲೇ ಅದು ಜಪ್ತಿ.

ಪದ ಅರಬ್ಬಿಯ 'ಜಬ್ತ್'ನಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ಹಿಡಿತ, ಹತೋಟಿ ಎಂಬುದು ಅದರ ಮೂಲಾರ್ಥ. ಆದಿಲಶಾಹಿ ಕಾಲದ ದಫ್ತರಗಳ ಪಾರಸಿ, ಆಮೇಲೆ 1956ರವರೆಗಿನ ಮುಂಬಯಿ ಆಡಳಿತದ ಮರಾಠಿ, ಇವೆರಡೂ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಚೇರಿ ಕನ್ನಡದಲ್ಲಿ ಇಂದಿಗೂ ಉಳಿದುಕೊಂಡಿವೆ. ಜಪ್ತಿಯ ಜೊತೆಗೇ ಪಂಚನಾಮೆ, ಮುದ್ದೆಮಾಲು (ಪ್ರಕರಣದಲ್ಲಿ ವಶಕ್ಕೆ ತೆಗೆದುಕೊಂಡ ವಸ್ತು), ಜಡತಿ ಎಂಬ ಮಾತುಗಳೂ ಬಂದವು. ಸಾಲ ತೀರಿಸದವನ ಮನೆಯ ಹಂಡೆ, ಕೊಪ್ಪರಿಗೆ ಹೊರಗೆ ಬರುವುದನ್ನು ಕಂಡ ಹಿರಿಯರಿಗೆ ಜಪ್ತಿ ಎಂದರೆ ಮಾನ ಹೋಗುವ ಮಾತು. ಆ ಅಂಜಿಕೆಯಿಂದಲೇ ಇರಬೇಕು, ಗಾಡಿ ಹೋದಾಗಲೂ ನಮ್ಮ ಜನ ಬಾಯಿ ತೆರೆದು ಕೇಳುವುದಿಲ್ಲ.

ಜಪ್ತಿಗಿಂತ ಮೊದಲು ಎರಡು ಮೆಟ್ಟಿಲುಗಳಿವೆ. ಮೊದಲನೆಯದು ತಪಾಸಣೆ, ಅಂದರೆ ಕಾಗದಪತ್ರ ನೋಡುವುದು. 1988ರ ಮೋಟಾರು ವಾಹನ ಕಾಯ್ದೆಯ ಕಲಂ 130ರ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ ಚಾಲಕ ಲೈಸೆನ್ಸ್ ತೋರಿಸಲೇಬೇಕು. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ಆ ಕಲಂ ಲೈಸೆನ್ಸ್ ತೋರಿಸಲು ಹೇಳುತ್ತದೆ, ಕೀಲಿ ಒಪ್ಪಿಸಲು ಹೇಳುವುದಿಲ್ಲ. ನೋಂದಣಿ ಪತ್ರ, ವಿಮೆಯಂಥ ಉಳಿದ ಕಾಗದಗಳು ಆ ಹೊತ್ತಿಗೆ ಜೊತೆಗಿಲ್ಲದಿದ್ದರೆ, ದೃಢೀಕರಿಸಿದ ನಕಲನ್ನು 15 ದಿನದೊಳಗೆ ಒಪ್ಪಿಸಲು ಕಾನೂನು ಅವಕಾಶ ಕೊಡುತ್ತದೆ. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 139 ತಿದ್ದುಪಡಿಯಾದ ಮೇಲೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗೂ ಕಾಗದದಷ್ಟೇ ಬೆಲೆ ಇದೆ. "ಮೊಬೈಲ್‌ನಲ್ಲಿ ನಡೆಯುವುದಿಲ್ಲ, ಒರಿಜಿನಲ್ ಬೇಕು" ಎಂಬ ಮಾತಿಗೆ ಈಗ ಆಧಾರವಿಲ್ಲ.

ಎರಡನೆಯ ಮೆಟ್ಟಿಲು ಜಡತಿ, ಅಂದರೆ ಶೋಧ. ಲೈಸೆನ್ಸ್ ನೋಡುವ ಅಧಿಕಾರ ಇದೆ ಎಂದ ಮಾತ್ರಕ್ಕೆ ಡಿಕ್ಕಿ ತೆಗೆಸುವ, ಚೀಲ ಬಿಚ್ಚಿಸುವ ಅಧಿಕಾರ ತಾನಾಗಿ ಬರುವುದಿಲ್ಲ. ಜಡತಿಗೆ ಬೇರೆ ಕಾರಣ ಬೇಕು: ಕಳವಿನ ಮಾಲು, ಗಡಿ ದಾಟಿ ಬರುವ ಮದ್ಯ, ಗಾಂಜಾ, ಆಯುಧ, ಹೀಗೆ ಯಾವುದೋ ಅಪರಾಧದ ಸಂಶಯ. ಸೊಲ್ಲಾಪುರ ರಸ್ತೆಯ ಧೂಳಖೇಡ, ನಿಪ್ಪಾಣಿ ಕಡೆಯ ಕೊಗನೊಳ್ಳಿಯಂಥ ಗಡಿಯ ಜಾಗಗಳಲ್ಲಿ ಅಂಥ ಸಂಶಯಕ್ಕೆ ಎಡೆ ಹೆಚ್ಚು. ಆದ್ದರಿಂದಲೇ ಅಲ್ಲಿ "ಯಾವುದರ ಸಂಶಯ, ಸಾಹೇಬರೇ?" ಎಂದು ಸೌಮ್ಯವಾಗಿ ಕೇಳುವುದು ತಪ್ಪಲ್ಲ. ಹೆಂಗಸರ ಅಂಗಜಡತಿಯನ್ನು ಹೆಂಗಸೇ ಮಾಡಬೇಕು, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು. ಮಾದಕ ವಸ್ತುವಿನ ಸಂಶಯದ ಮೇಲೆ ಮೈ ಶೋಧಿಸುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ದಂಡಾಧಿಕಾರಿಯ ಎದುರಿಗೇ ಶೋಧ ಆಗಲಿ ಎಂದು ಕೇಳುವ ಹಕ್ಕು ಆ ವ್ಯಕ್ತಿಗಿದೆ. ಆ ಹಕ್ಕನ್ನು ಮೊದಲೇ ತಿಳಿಸುವುದು ಅಧಿಕಾರಿಯ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಖಚಿತಪಡಿಸಿತು. ಈ ರಕ್ಷಣೆ ಮೈಗೆ ಮಾತ್ರ, ಚೀಲಕ್ಕೂ ಗಾಡಿಗೂ ಅನ್ವಯಿಸುವುದಿಲ್ಲ.

ಇನ್ನು ಜಪ್ತಿ. ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ನಡೆಯುತ್ತವೆ, ಗೊಂದಲ ಇಲ್ಲಿಯೇ ಹುಟ್ಟುತ್ತದೆ. ಲೈಸೆನ್ಸ್ ಇಲ್ಲದವನು ಓಡಿಸುತ್ತಿದ್ದರೆ, ಗಾಡಿ ನೋಂದಣಿಯಾಗಿರದಿದ್ದರೆ, ಬೇಕಾದ ಪರ್ಮಿಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 207 ಗಾಡಿಯನ್ನು ತಡೆಹಿಡಿಯಲು ಬಿಡುತ್ತದೆ. ಸರಿಯಾದ ದಾಖಲೆ ಜೋಡಿಸಿ ಸಂಬಂಧಪಟ್ಟ ಅಧಿಕಾರಿಗೆ ಅರ್ಜಿ ಕೊಟ್ಟು ಇದನ್ನು ಬಿಡಿಸಿಕೊಳ್ಳಬಹುದು. ಅಪರಾಧದ ಸಂಶಯದ ಮೇಲೆ ಮಾಡುವ ಜಪ್ತಿಯೇ ಬೇರೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 102 ಆಗಿದ್ದ ಆ ಅಧಿಕಾರ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 106 ಆಗಿದೆ. ಇಲ್ಲಿ ಜಪ್ತಿಯ ವರದಿ ಕೂಡಲೇ ದಂಡಾಧಿಕಾರಿಗೆ ಹೋಗಬೇಕು. ಗಾಡಿ ಬಿಡಿಸಲು ನ್ಯಾಯಾಲಯಕ್ಕೇ ಹೋಗಬೇಕು. ಹೀಗಾಗಿ "ಯಾವ ಕಲಂ?" ಎಂದು ಕೇಳಿಕೊಳ್ಳದವನು ನಾಳೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ಅಲೆಯುತ್ತಾನೆ.

ಪೊಲೀಸರು ಲೈಸೆನ್ಸ್ ಇಟ್ಟುಕೊಳ್ಳುವುದಕ್ಕೂ ಇದೇ ಶಿಸ್ತು. ಮೋಟಾರು ವಾಹನ ಕಾಯ್ದೆಯ ಕಲಂ 206ರ ಕೆಳಗೆ ಕಾರಣವಿದ್ದು ಅದನ್ನು ತೆಗೆದುಕೊಂಡರೆ ರಸೀದಿ ಕೊಡಬೇಕು. ಲೈಸೆನ್ಸ್ ಮರಳಿ ಬರುವವರೆಗೆ ಅಥವಾ ರಸೀದಿಯಲ್ಲಿ ಬರೆದ ದಿನಾಂಕದವರೆಗೆ ಆ ರಸೀದಿಯೇ ಓಡಿಸಲು ಅನುಮತಿ.

ಪಂಚನಾಮೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೆಸರು ಕೇಳಿ ಐದು ಜನರ ಸಹಿ ಬೇಕೆಂದು ತಿಳಿದವರಿದ್ದಾರೆ. 'ಪಂಚ' ಎಂದರೆ ಇಲ್ಲಿ ಪಂಚರು, ಊರ ಸಾಕ್ಷಿಗಳು. 'ನಾಮಾ' ಎಂದರೆ ಪಾರಸಿಯಲ್ಲಿ ಬರಹ. ಮನೆ, ಅಂಗಡಿಯ ಶೋಧಕ್ಕೆ ಕಾನೂನು ಕೇಳುವುದು ಸುತ್ತಲಿನ ಸ್ವತಂತ್ರ ಸಾಕ್ಷಿಗಳನ್ನು, ಕನಿಷ್ಠ ಇಬ್ಬರನ್ನು. ಗಾಡಿಯ ಜಪ್ತಿಯಲ್ಲೂ ಅದೇ ರೂಢಿ ನಡೆದುಬಂದಿದೆ.

ನಮ್ಮ ಕಾಕಾ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ತಾಸಗಾಂವ ಪೇಟೆಯಲ್ಲಿ ಒಣದ್ರಾಕ್ಷಿ ಮಾರಿ ಪಿಕಪ್‌ನಲ್ಲಿ ಮರಳುತ್ತಿದ್ದಾಗ ರಾತ್ರಿ ಒಂದು ಕಡೆ ತಡೆದರು. ಸೀಟಿನ ಕೆಳಗಿದ್ದ ಚೀಲದಲ್ಲಿ ಹಣ ಸಿಕ್ಕಿತು. ಗಾಡಿಯ ಬಾನೆಟ್ ಮೇಲೆ ಕಾಗದ ಇಟ್ಟು, ಟಾರ್ಚಿನ ಬೆಳಕಿನಲ್ಲಿ ಬರೆಯತೊಡಗಿದವರು "ಅಂದಾಜು 1,80,000 ರೂಪಾಯಿ" ಎಂದು ಬರೆದು ಸಹಿಗೆ ಚಾಚಿದರು. ಕಾಕಾ ಪೆನ್ನು ಹಿಡಿಯಲಿಲ್ಲ. "ಅಂದಾಜು ಬೇಡ ಸಾಹೇಬರೇ, ಎಣಿಸಿ ಬರೆಯಿರಿ. ನಾನು ಇಲ್ಲೇ ನಿಂತಿರುತ್ತೇನೆ" ಎಂದರು. ಗದರಿದರು, ಹೊತ್ತಾಯಿತು ಎಂದರು, ಕಾಕಾ ಕದಲಲಿಲ್ಲ. ಕೊನೆಗೆ ಎಣಿಸಿದರು: 500ರ 372 ನೋಟು, 1,86,000 ರೂಪಾಯಿ. 'ಅಂದಾಜು' ಎಂಬ ಪದ ಹೊಡೆದುಹಾಕಿ ಅದರ ಪಕ್ಕ ಸಣ್ಣ ಸಹಿ ಹಾಕಿ, ಒಂದು ಪ್ರತಿಯನ್ನು ಕಾಕಾನ ಕೈಗೆ ಕೊಟ್ಟರು.

ಆ ಪ್ರತಿಯೇ ಹಣವನ್ನು ಮರಳಿ ತಂದಿತು. ಚುನಾವಣೆ ಸಮಯದಲ್ಲಿ ವಶಪಡಿಸಿಕೊಂಡ ನಗದಿನ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಮೂವರು ಅಧಿಕಾರಿಗಳ ಸಮಿತಿ ಇರಬೇಕೆಂದು ಚುನಾವಣಾ ಆಯೋಗ ವಿಧಿಸಿದೆ. ಎಫ್‌ಐಆರ್ ಆಗಿರದ, ಅಭ್ಯರ್ಥಿ ಅಥವಾ ಪಕ್ಷಕ್ಕೆ ಸಂಬಂಧವಿಲ್ಲದ ಹಣವನ್ನು ಆ ಸಮಿತಿ ಬಿಡುಗಡೆ ಮಾಡಬೇಕು. ಎಫ್‌ಐಆರ್ ಇಲ್ಲದಿದ್ದರೆ ಮತದಾನದ ನಂತರ ಏಳು ದಿನಕ್ಕಿಂತ ಹೆಚ್ಚು ಕಾಲ ಖಜಾನೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಕಾಕಾ ದಲಾಲರ ಪಟ್ಟಿ, ಪಹಣಿ, ಪಂಚನಾಮೆಯ ಪ್ರತಿ ಮೂರನ್ನೂ ಮುಂದಿಟ್ಟರು, ಪೂರ್ತಿ ಹಣ ಬಂತು. ಆ ರಾತ್ರಿ ಸುಮ್ಮನೆ ಸಹಿ ಹಾಕಿದ್ದರೆ ಮೇಲಿನ ಆರು ಸಾವಿರಕ್ಕೆ ಯಾವ ದಾಖಲೆಯೂ ಇರುತ್ತಿರಲಿಲ್ಲ.

ಈಗ ಇನ್ನೊಂದು ಬಲ ಸೇರಿದೆ. ಹೊಸ ಸಂಹಿತೆಯ ಕಲಂ 105ರಂತೆ ಶೋಧ, ಜಪ್ತಿ, ಪಟ್ಟಿ ತಯಾರಿಕೆ, ಸಾಕ್ಷಿಗಳ ಸಹಿ, ಇಷ್ಟನ್ನೂ ಪೊಲೀಸರು ಧ್ವನಿಸಹಿತ ವಿಡಿಯೊ ಮಾಡಬೇಕು. ಮೊಬೈಲ್ ಆದರೂ ನಡೆಯುತ್ತದೆ. ಆ ವಿಡಿಯೊವನ್ನು ತಡಮಾಡದೆ ದಂಡಾಧಿಕಾರಿಗೆ ಕಳಿಸಬೇಕು. ಕಲಂ 207ರ ತಡೆಹಿಡಿಯುವಿಕೆ ಮೋಟಾರು ವಾಹನ ಕಾಯ್ದೆಯದು, ಇದು ಸಂಹಿತೆಯದು. ಯಾವ ಕಲಂ ಎಂದು ಮೊದಲೇ ಕೇಳಿಕೊಳ್ಳಬೇಕಾದದ್ದು ಇದಕ್ಕೂ ಹೌದು.

ಗಾಡಿಯನ್ನು ಹಿಡಿಯುವುದು, ಮನುಷ್ಯನನ್ನು ಹಿಡಿಯುವುದು ಎರಡೂ ಒಂದಲ್ಲ ಎಂಬುದನ್ನೂ ಹೇಳಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ದಂಡಾಧಿಕಾರಿಯ ಎದುರು ನಿಲ್ಲಿಸಬೇಕು. ಕುಡಿದು ಓಡಿಸಿದ ಆರೋಪದ ಮೇಲೆ ಬಂಧಿಸಿದರೆ ಎರಡು ತಾಸಿನೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲವೇ ಬಿಡಬೇಕು.

ಪತ್ರಿಕೆಗಳಲ್ಲಿ ಜಪ್ತಿ, ಮುಟ್ಟುಗೋಲು ಎಂಬ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದುಂಟು. ಜಪ್ತಿಯಲ್ಲಿ ವಸ್ತು ಸರ್ಕಾರದ ವಶದಲ್ಲಿರುತ್ತದೆ, ಮಾಲೀಕತ್ವ ನಿಮ್ಮದೇ. ಮುಟ್ಟುಗೋಲಿನಲ್ಲಿ ಮಾಲೀಕತ್ವವೇ ಸರ್ಕಾರಕ್ಕೆ ಹೋಗುತ್ತದೆ, ಅದಕ್ಕೆ ಪ್ರತ್ಯೇಕ ಆದೇಶ ಬೇಕು. ಈ ಭೇದ ತಿಳಿಯದೆ ಎಷ್ಟೋ ಜನ ಗಾಡಿಯ ಆಸೆಯನ್ನೇ ಬಿಡುತ್ತಾರೆ. ಠಾಣೆಗಳ ಕಾಂಪೌಂಡ್‌ನಲ್ಲಿ ಟೈರು ನೆಲಕ್ಕೆ ಅಂಟಿ, ಹ್ಯಾಂಡಲ್‌ಗೆ ಬಳ್ಳಿ ಸುತ್ತಿದ ಬೈಕುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಿಸಬಾರದು, ಫೋಟೊ ತೆಗೆದು, ಭದ್ರತೆ ಪಡೆದು ಬೇಗ ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಹಾಕುವುದು ಹೊಸ ಸಂಹಿತೆಯ ಕಲಂ 497 ಅಥವಾ 503ರ ಕೆಳಗೆ, ಪ್ರಕರಣ ಇರುವ ದಂಡಾಧಿಕಾರಿಯ ನ್ಯಾಯಾಲಯದಲ್ಲಿ. ಜೊತೆಗೆ ಬೇಕಾದದ್ದು ಆರ್‌ಸಿ ಮತ್ತು ವಿಮೆಯ ನಕಲು, ಗುರುತಿನ ಚೀಟಿ, ಮುಚ್ಚಳಿಕೆ ಬರೆದುಕೊಡಲು ಒಬ್ಬ ಜಾಮೀನುದಾರ, ಮತ್ತು ಮುದ್ದೆಮಾಲಿನ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ಸಂಖ್ಯೆ. ಆ ಸಂಖ್ಯೆಯನ್ನು ಠಾಣೆಯಲ್ಲಿ ಕೇಳಿ ಬರೆದುಕೊಳ್ಳಬಹುದು.